ತುರಿಕೆಗೆ ಬದನೆಕಾಯಿಯೇ ಕಾರಣವೇ?

ಗೋಪನಕೊಪ್ಪ ಒಂದು ಕಾಲಕ್ಕೆ ಹುಬ್ಬಳ್ಳಿಯ ಪಕ್ಕದ ಹಳ್ಳಿ. ಈಗ ಅದು ನಗರದೊಳಗೇ ಸೇರಿಹೋಗಿದೆ. ಹಳೆಯ ಊರಿನ ಸುತ್ತ ಹೊಸ ಬಡಾವಣೆಗಳು ಬೆಳೆದಿವೆ. ಮನೆ ಏಳದ ಖಾಲಿ ಸೈಟುಗಳಲ್ಲಿ ಮುಂಗಾರು ಬಿದ್ದ ಕೆಲವೇ ವಾರಗಳಲ್ಲಿ ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದು, ತುದಿಯಲ್ಲಿ ಬಿಳಿ ಹೂ ಬಿಟ್ಟು ನಿಲ್ಲುತ್ತದೆ. ಅದೇ ಓಣಿಯ ಅಡುಗೆಮನೆಗಳಲ್ಲಿ ಎಣ್ಣೆಗಾಯಿ ಬೇಯುತ್ತಿರುತ್ತದೆ, ಶೇಂಗಾ ಚಟ್ನಿ ಕುಟ್ಟುತ್ತಿರುತ್ತಾರೆ, ಕಡಲೆ ಹಿಟ್ಟಿನ ಝುಣಕ ಕುದಿಯುತ್ತಿರುತ್ತದೆ. ಇಂಥ ಮನೆಯಲ್ಲಿ ಯಾರದಾದರೂ ಮೈಮೇಲೆ ಗಾದರಿ ಎದ್ದರೆ, ಕತ್ತಿನ ಸುತ್ತ ಚರ್ಮ ಒಡೆದು ತುರಿಕೆ ಹತ್ತಿದರೆ, ಹಿರಿಯರ ಬಾಯಿಂದ ಮೊದಲು ಬರುವ ಮಾತು: “ಬದನಿಕಾಯಿ ನಂಜು ಐತಿ, ಮುಟ್ಟಬ್ಯಾಡ.” ಒಂದು ವಾರ ಕಳೆದರೂ ತುರಿಕೆ ಇಳಿಯದಿದ್ದರೆ ಪಥ್ಯದ ಪಟ್ಟಿ ಬೆಳೆಯುತ್ತದೆ. ಶೇಂಗಾ ಹೋಗುತ್ತದೆ, ಮೊಟ್ಟೆ ಹೋಗುತ್ತದೆ, ಮಗುವಾದರೆ ಹಾಲೂ ಹೋಗುತ್ತದೆ.

ಹಿರಿಯರ ಗಮನಿಕೆಯಲ್ಲಿ ಸತ್ಯದ ಅಂಶ ಇಲ್ಲವೆಂದಲ್ಲ. ಆಹಾರದಿಂದ ಚರ್ಮ ಕೆರಳುವುದುಂಟು, ಅಪರೂಪಕ್ಕೆ ಪ್ರಾಣಕ್ಕೇ ಕುತ್ತು ಬರುವುದೂ ಉಂಟು. ಆದರೆ ಕಳೆದ ಐವತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಚರ್ಮದ ಬಹುಪಾಲು ತೊಂದರೆಗಳ ಬೇರು ತಟ್ಟೆಯಲ್ಲಿಲ್ಲ, ಚರ್ಮದಲ್ಲೇ ಇದೆ. ಅಷ್ಟೇ ಅಲ್ಲ, ಆಹಾರದ ಅಲರ್ಜಿಯೇ ಎಷ್ಟೋ ಸಲ ಒಡೆದ ಚರ್ಮದಿಂದ ಶುರುವಾಗುತ್ತದೆ. ಈ ತಿಳಿವಳಿಕೆಯ ಒಳ್ಳೆಯ ಪಾಲು ನಮ್ಮ ರಾಜ್ಯದ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಕೆಲಸದಿಂದ ಬಂದದ್ದು.

ಖಾಲಿ ಸೈಟಿನ ಗಿಡ

ಕಾಂಗ್ರೆಸ್ ಕಸದ ಶಾಸ್ತ್ರೀಯ ಹೆಸರು ಪಾರ್ಥೇನಿಯಂ ಹಿಸ್ಟರೋಫೋರಸ್. ಮೆಕ್ಸಿಕೊ ಸೀಮೆಯ ಈ ಗಿಡ ಭಾರತದಲ್ಲಿ ಗುರುತಿಗೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬೀಜ ಬಂತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹೀಗಾಗಿ ಕೆಲವೇ ದಶಕಗಳಲ್ಲಿ ಅದು ರೈಲು ಹಳಿ, ರಸ್ತೆ ಬದಿ, ಬೀಳುಭೂಮಿಗಳನ್ನು ಹಿಡಿದು ದೇಶವೆಲ್ಲ ಹಬ್ಬಿತು.

ಗಿಡದ ಬೆನ್ನಿಗೇ ರೋಗವೂ ಬಂತು. ಪುಣೆಯ ಚರ್ಮವೈದ್ಯ ಲೋಣ್‌ಕರ್ ಅವರು ವಿದೇಶದ ಇಬ್ಬರು ಸಂಶೋಧಕರಾದ ಮಿಚೆಲ್ ಮತ್ತು ಕ್ಯಾಲ್ನನ್ ಜೊತೆ ಸೇರಿ 1974ರಲ್ಲಿ ಈ ಗಿಡದಿಂದ ಬರುವ ಚರ್ಮದ ಉರಿಯೂತವನ್ನು ವಿವರವಾಗಿ ದಾಖಲಿಸಿದರು. ಎಲೆ ಮತ್ತು ಕಾಂಡದ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಗಿಡ ಒಣಗಿದಾಗ ಈ ರೋಮಗಳು ಮುರಿದು ಧೂಳಾಗಿ ಗಾಳಿಯಲ್ಲಿ ತೇಲುತ್ತವೆ. ಆದ್ದರಿಂದ ಗಿಡವನ್ನು ಮುಟ್ಟದೆ, ಬರೀ ಅದರ ಪಕ್ಕದ ದಾರಿಯಲ್ಲಿ ಓಡಾಡಿದವರಿಗೂ ತೊಂದರೆ ತಪ್ಪುವುದಿಲ್ಲ.

ರೋಗಿಯ ಮೈ ನೋಡಿದರೆ ಗಾಳಿ ಎಲ್ಲೆಲ್ಲಿ ಧೂಳು ಬಿಟ್ಟುಹೋಗಿದೆ ಎಂಬುದು ಗೊತ್ತಾಗುತ್ತದೆ. ರೆಪ್ಪೆಗಳು ಊದಿಕೊಂಡಿರುತ್ತವೆ. ಕತ್ತಿನ ಮಡಿಕೆ, ಮೊಣಕೈಯ ಒಳಬದಿ, ಮೊಣಕಾಲಿನ ಹಿಂಬದಿಯ ಚರ್ಮ ದಪ್ಪಗಾಗಿ, ಕಪ್ಪಿಟ್ಟು, ಗೆರೆಗೆರೆಯಾಗಿ ಒಡೆದಿರುತ್ತದೆ. ಬೆವರು ನಿಲ್ಲುವ, ಧೂಳು ಸೇರುವ ಜಾಗಗಳೇ ಹೆಚ್ಚು ಹಾಳಾಗಿರುತ್ತವೆ. ಹೊಲದಲ್ಲಿ ದುಡಿಯುವ, ನಡುವಯಸ್ಸು ದಾಟಿದ ಗಂಡಸರಲ್ಲಿ ಈ ರೋಗ ಹೆಚ್ಚು. ಮೊದಲ ವರ್ಷಗಳಲ್ಲಿ ಗಿಡ ಬೆಳೆಯುವ ಕಾಲಕ್ಕೆ ಕೆರಳಿ, ಚಳಿಗಾಲಕ್ಕೆ ಇಳಿಯುತ್ತದೆ. ಹಳೆಯದಾದಂತೆ ವರ್ಷವಿಡೀ ಉಳಿಯುತ್ತದೆ, ಕೆಲವರಿಗೆ ಬಿಸಿಲೂ ಸಹಿಸದಂತಾಗುತ್ತದೆ.

ಇಲ್ಲಿ ನಡೆಯುವುದು ನಿಧಾನದ ಕ್ರಿಯೆ. ಪಾರ್ಥೇನಿನ್ ಬಹಳ ಚಿಕ್ಕ ಅಣು. ರೋಗನಿರೋಧಕ ವ್ಯವಸ್ಥೆ ಅದನ್ನು ಒಂಟಿಯಾಗಿ ಗುರುತಿಸಲಾರದು. ಅದು ನಮ್ಮ ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಪರಕೀಯವಾಗಿ ಕಾಣುತ್ತದೆ. ಅದನ್ನು ಒಮ್ಮೆ ಗುರುತು ಹಿಡಿದ ಟಿ-ಜೀವಕೋಶಗಳು ಮತ್ತೆ ಎದುರಾದಾಗ ಗುಂಪುಗೂಡಿ ಬಂದು ಉರಿಯೂತ ಎಬ್ಬಿಸುತ್ತವೆ. ಅವು ಬಂದು ಸೇರಲು ಒಂದೆರಡು ದಿನ ಬೇಕು. ಹೀಗಾಗಿ ಇದನ್ನು ಪತ್ತೆ ಹಚ್ಚುವ ಪ್ಯಾಚ್ ಪರೀಕ್ಷೆಗೂ ಸಮಯ ಹಿಡಿಯುತ್ತದೆ. ಗಿಡದ ಸಾರವನ್ನು ಬೆನ್ನಿನ ಮೇಲೆ ಪಟ್ಟಿಯಲ್ಲಿ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಈ ರೋಗಿಗೆ ಬದನೆಕಾಯಿ ಬಿಡಿಸಿದರೆ ಏನೂ ಪ್ರಯೋಜನವಿಲ್ಲ. ಅವನ ಟಿ-ಜೀವಕೋಶಗಳಿಗೆ ಎಣ್ಣೆಗಾಯಿಯ ಗೊಡವೆಯೇ ಇಲ್ಲ. ಅವನಿಗೆ ಬೇಕಾದದ್ದು ತುಂಬುತೋಳಿನ ಅಂಗಿ, ಹೊಲದಿಂದ ಬಂದ ಕೂಡಲೇ ಸ್ನಾನ, ವೈದ್ಯರ ಔಷಧ, ಮತ್ತು ಮನೆ ಪಕ್ಕದ ಸೈಟಿನಲ್ಲಿ ಹೂ ಬಿಡುವ ಮೊದಲೇ ಕಿತ್ತ ಗಿಡ. ಕೀಳುವವರು ಮಾತ್ರ ಅಲರ್ಜಿ ಇಲ್ಲದವರಾಗಿರಬೇಕು, ಕೈಗವಸು ಹಾಕಿರಬೇಕು. ಈ ಗಿಡವನ್ನು ಮೇಯುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆ ತಿಂದು ಗಿಡವನ್ನು ಬೋಳಿಸುತ್ತದೆ. ಆದರೂ ಕಸ ನಾಶವಾಗಿಲ್ಲ.

ಇದೇ ಗಿಡದ ಪರಾಗ ಮೂಗಿಗೆ ಹೋದರೆ ಕಥೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಅವರ ಸಹೋದ್ಯೋಗಿಗಳು ಈ ಪರಾಗವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬೆಂಗಳೂರಿನ ನೂರು ಜನರಲ್ಲಿ ಸುಮಾರು ಏಳು ಜನರ ಸೀನು, ನೆಗಡಿ, ಮೂಗಿನ ತುರಿಕೆಗೆ ಅದು ಕಾರಣವೆಂದು ತೋರಿಸಿದರು. ಇಲ್ಲಿ ಪ್ರತಿಕ್ರಿಯೆ ಎರಡು ದಿನ ಕಾಯುವುದಿಲ್ಲ, ನಿಮಿಷಗಳಲ್ಲೇ ಬರುತ್ತದೆ. ಒಂದೇ ಗಿಡ ನಮ್ಮ ದೇಹದಲ್ಲಿ ಎರಡು ಬೇರೆ ಬೇರೆ ದಾರಿ ಹಿಡಿಯುತ್ತದೆ. ಆಹಾರದ ಅಲರ್ಜಿಯ ದಾರಿ ಈ ಎರಡನೆಯದು.

ಮೀನು ತಿನ್ನಲಾಗದ ವೈದ್ಯ

ಆ ದಾರಿಯನ್ನು ತೋರಿಸಿಕೊಟ್ಟ ಪ್ರಯೋಗ ನಡೆದದ್ದು 1921ರಲ್ಲಿ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ಊರಿನಲ್ಲಿ. ಹೈನ್ಸ್ ಕ್ಯೂಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ತಿಂದರೆ ಮೈಯೆಲ್ಲ ಗಾದರಿ ಏಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಅವನ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್‌ಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಪ್ರೌಸ್ನಿಟ್ಸ್ ಕ್ಯೂಸ್ಟ್ನರನ ರಕ್ತದ ತಿಳಿದ್ರವವನ್ನು ತನ್ನ ಚರ್ಮದೊಳಕ್ಕೆ ಚುಚ್ಚಿಸಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಸಿಕೊಂಡ. ಕೆಲವೇ ನಿಮಿಷಗಳಲ್ಲಿ ಅಷ್ಟೇ ಜಾಗ ಕೆಂಪಾಗಿ ಗಾದರಿ ಎದ್ದಿತು. ಅಲರ್ಜಿಯನ್ನು ಹೊತ್ತು ತಿರುಗುವ ಯಾವುದೋ ಒಂದು ವಸ್ತು ರಕ್ತದಲ್ಲಿದೆ, ಅದು ಚರ್ಮದಲ್ಲಿ ನೆಲೆಯೂರಬಲ್ಲದು ಎಂಬುದು ಹೀಗೆ ಸಾಬೀತಾಯಿತು.

ಆ ವಸ್ತುವಿಗೆ ಗುರುತು ಸಿಗಲು ಇನ್ನೂ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿದ್ದ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ, ಅವರಿಂದ ಪ್ರತ್ಯೇಕವಾಗಿ 1967ರಲ್ಲಿ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್, ಅದನ್ನು ಹೊಸ ಬಗೆಯ ಪ್ರತಿಕಾಯವೆಂದು ಕಂಡುಕೊಂಡರು. ಅದರ ಹೆಸರು ಐಜಿಇ. ಅದು ಚರ್ಮ, ಉಸಿರುದಾರಿ, ಕರುಳುಗಳಲ್ಲಿರುವ ಮಾಸ್ಟ್ ಜೀವಕೋಶಗಳ ಮೇಲೆ ಕೂತಿರುತ್ತದೆ. ತನಗೆ ಪರಿಚಯವಿರುವ ಪ್ರೋಟೀನು ಬಂದು ತಾಗಿದೊಡನೆ ಆ ಜೀವಕೋಶ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ. ರಕ್ತನಾಳ ಹಿಗ್ಗುತ್ತದೆ, ನೀರು ಜಿನುಗುತ್ತದೆ, ತುರಿಕೆ ಏಳುತ್ತದೆ.

ಇಂದಿನ ಸೂಜಿ ಪರೀಕ್ಷೆ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ. ಮುಂಗೈಯ ಒಳಬದಿಯಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಆಹಾರದ ಸಾರದ ಹನಿ ಇಡುತ್ತಾರೆ. ಪ್ರತಿ ಹನಿಯ ಮೂಲಕ ರಕ್ತ ಬಾರದಷ್ಟು ಮೆಲ್ಲಗೆ ಚರ್ಮವನ್ನು ಚುಚ್ಚುತ್ತಾರೆ. ಜೊತೆಗೆ ಬರೀ ಉಪ್ಪುನೀರಿನ ಒಂದು ಹನಿ, ಹಿಸ್ಟಮಿನ್‌ದು ಒಂದು ಹನಿ ಇರುತ್ತವೆ. ಮೊದಲನೆಯದು ಏಳಬಾರದು, ಎರಡನೆಯದು ಏಳಲೇಬೇಕು. ಆಗ ಮಾತ್ರ ಪರೀಕ್ಷೆ ನಂಬಲರ್ಹ. 15ರಿಂದ 20 ನಿಮಿಷ ಬಿಟ್ಟು ಉಬ್ಬನ್ನು ಅಳೆಯುತ್ತಾರೆ. ಉಪ್ಪುನೀರಿನ ಗುರುತಿಗಿಂತ 3 ಮಿಲಿಮೀಟರ್ ದೊಡ್ಡದಿದ್ದರೆ ಆ ಆಹಾರಕ್ಕೆ ಐಜಿಇ ಇದೆ ಎಂದು ಬರೆದುಕೊಳ್ಳುತ್ತಾರೆ.

ಐಜಿಇ ಇದೆ ಎಂದರೆ ಅಲರ್ಜಿ ಇದೆ ಎಂದೇ? ಜನ ಎಡವುವುದು ಇಲ್ಲಿ.

ಮೈಸೂರಿನ ಬದನೆ

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ. ಪಿ. ವೆಂಕಟೇಶ್ ಅವರ ತಂಡ, ಅಲರ್ಜಿ ತಜ್ಞ ಪಿ. ಎ. ಮಹೇಶ್ ಅವರ ಜೊತೆ ಸೇರಿ, ನಮ್ಮ ಹಿರಿಯರ ಆಪಾದನೆಯನ್ನೇ ಪರೀಕ್ಷೆಗೆ ಒಡ್ಡಿತು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೈಸೂರಿನ 741 ಜನರನ್ನು ನೋಡಲಾಗಿತ್ತು. ನೂರಕ್ಕೆ ಸುಮಾರು ಒಂಬತ್ತು ಜನರಲ್ಲಿ ಬದನೆಗೆ ಒಂದಲ್ಲ ಒಂದು ಬಗೆಯ ಪ್ರತಿಕ್ರಿಯೆ ಕಂಡಿತು, ಅವರಲ್ಲಿ ಹೆಂಗಸರೇ ಹೆಚ್ಚು. ಐಜಿಇಯಿಂದ ಆಗುವ ನಿಜವಾದ ಬದನೆ ಅಲರ್ಜಿ ಮಾತ್ರ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಲ್ಲಿತ್ತು.

ಉಳಿದವರಿಗೆ ಆಗುತ್ತಿದ್ದದ್ದು ಏನು? ಬದನೆಕಾಯಿಯಲ್ಲಿ ಸಹಜವಾಗಿಯೇ ಹಿಸ್ಟಮಿನ್ ಇದೆ. ಹಿಸ್ಟಮಿನ್‌ಗೆ ಬೇಗ ಸ್ಪಂದಿಸುವ ಚರ್ಮ ಕೆಲವರದು. ಅಂಥವರ ಮುಂಗೈ ಮೇಲೆ ಬದನೆಯ ಸಾರ ಇಟ್ಟು ಚುಚ್ಚಿದರೆ ಐಜಿಇ ಇಲ್ಲದೆಯೂ ಉಬ್ಬು ಏಳುತ್ತದೆ. ಇದರಿಂದ ಬದನೆ ಅಲರ್ಜಿಯನ್ನು ತಪ್ಪಾಗಿ ಗುರುತಿಸುವ ಅಪಾಯವಿದೆ ಎಂದು ಅದೇ ಮೈಸೂರಿನ ತಂಡ ಮುಂದೆ ಎಚ್ಚರಿಸಿತು. ಬದನೆ ತಿಂದಾಗ ಬಾಯಿ ತುರಿಸುತ್ತದೆ ಎನ್ನುವವರ ಅನುಭವ ಸುಳ್ಳಲ್ಲ. ಆದರೆ ಆ ತುರಿಕೆಗೂ ಜೀವಕ್ಕೆ ಅಪಾಯ ತರುವ ಅಲರ್ಜಿಗೂ ಬಹಳ ಅಂತರವಿದೆ.

ಬದನೆಯ ಮಾತು ಹಾಗಿರಲಿ, ಒಟ್ಟಾರೆ ಆಹಾರದ ಚಿತ್ರವೂ ಹೀಗೆಯೇ ಇದೆ. ಯುರೋಪಿನ ನೆರವಿನಿಂದ ಹಲವು ದೇಶಗಳಲ್ಲಿ ನಡೆದ ‘ಯುರೋಪ್ರಿವಾಲ್’ ಎಂಬ ದೊಡ್ಡ ಯೋಜನೆಯ ಭಾರತದ ಭಾಗ ನಡೆದದ್ದು ಕರ್ನಾಟಕದಲ್ಲಿ. 20ರಿಂದ 54 ವರ್ಷದ 11,791 ಜನರನ್ನು ಪ್ರಶ್ನಿಸಿ, ಅವರಲ್ಲಿ ಆಯ್ದವರ ರಕ್ತ ಮತ್ತು ಚರ್ಮ ಪರೀಕ್ಷೆ ಮಾಡಲಾಯಿತು. ಮಹೇಶ್ ಮತ್ತು ಸಂಗಡಿಗರು 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಹಾರಕ್ಕೆ ಐಜಿಇ ಇದ್ದವರು ನೂರಕ್ಕೆ 26.5. ಲಕ್ಷಣಗಳೂ ಹೊಂದಿಬಂದು, ಆಹಾರದ ಅಲರ್ಜಿ ಇರಬಹುದು ಎನ್ನುವಂತಿದ್ದವರು ನೂರಕ್ಕೆ 1.2. ಮಕ್ಕಳಲ್ಲಿ ಇದು ಇನ್ನೂ ಕಡಿಮೆ. ಹಾಂಗ್‌ಕಾಂಗ್, ಚೀನಾ, ರಷ್ಯಾ, ಭಾರತದ ಶಾಲಾಮಕ್ಕಳನ್ನು ಹೋಲಿಸಿ 2020ರಲ್ಲಿ ಬಂದ ಅಧ್ಯಯನದಲ್ಲಿ ಹಾಂಗ್‌ಕಾಂಗಿನ ಮಕ್ಕಳಲ್ಲಿ ಆಹಾರ ಅಲರ್ಜಿ ಶೇಕಡಾ 1.5 ಇದ್ದರೆ ಭಾರತದ ಮಕ್ಕಳಲ್ಲಿ ಶೇಕಡಾ 0.14 ಇತ್ತು.

26.5 ಮತ್ತು 1.2ರ ನಡುವಿನ ಅಂತರವನ್ನು ಪ್ರತಿಯೊಬ್ಬ ಪೋಷಕರೂ ನೆನಪಿನಲ್ಲಿಡಬೇಕು. ಸಸ್ಯಗಳ ಪ್ರೋಟೀನುಗಳಲ್ಲಿ ಎಷ್ಟೋ ಒಂದನ್ನೊಂದು ಹೋಲುತ್ತವೆ. ಅವುಗಳಿಗೆ ಅಂಟಿಕೊಂಡ ಸಕ್ಕರೆ ಸರಪಳಿಗಳಂತೂ ಪರಾಗದಲ್ಲೂ ತರಕಾರಿಯಲ್ಲೂ ಸುಮಾರು ಒಂದೇ. ಪರಾಗ ಉಸಿರಾಡಿ ಹುಟ್ಟಿದ ಐಜಿಇ ಕಾಯಿಪಲ್ಯದ ಸಾರವನ್ನೂ ಹಿಡಿಯಬಹುದು. ಪರೀಕ್ಷೆಯ ಕಾಗದದಲ್ಲಿ ಅದು ಅಲರ್ಜಿಯಂತೆ ಕಾಣುತ್ತದೆ, ಊಟದಲ್ಲಿ ಏನೂ ಆಗುವುದಿಲ್ಲ. ಹತ್ತಾರು ಆಹಾರಗಳ ಪಟ್ಟಿ ಹಿಡಿದು ಒಂದೇ ಸಲ ರಕ್ತ ಪರೀಕ್ಷೆ ಮಾಡಿಸಿ, ಗೆರೆ ದಾಟಿದ್ದನ್ನೆಲ್ಲ ಮಗುವಿನ ತಟ್ಟೆಯಿಂದ ತೆಗೆದರೆ ಆ ಮಗುವಿಗೆ ಅನ್ಯಾಯವಾಗುತ್ತದೆ. ಹಾಲು, ಮೊಟ್ಟೆ, ಬೇಳೆ, ಶೇಂಗಾ ಎಲ್ಲ ಹೋದ ಮೇಲೆ ಬೆಳೆಯುವ ಮಗುವಿಗೆ ಪ್ರೋಟೀನು ಎಲ್ಲಿಂದ ಬರಬೇಕು?

ಒಡೆದ ಗೋಡೆ

ಈಗ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಆಹಾರದಿಂದ ಚರ್ಮ ಕೆಡುವುದಕ್ಕಿಂತ, ಚರ್ಮ ಕೆಟ್ಟದ್ದರಿಂದಲೇ ಆಹಾರದ ಅಲರ್ಜಿ ಬರುವುದುಂಟೇ?

ಚರ್ಮದ ಹೊರಪದರವನ್ನು ಗೋಡೆಗೆ ಹೋಲಿಸಬಹುದು. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಇಟ್ಟಿಗೆಯನ್ನು ಬಿಗಿಮಾಡುವ ಮತ್ತು ಚರ್ಮದಲ್ಲಿ ತೇವ ಉಳಿಸುವ ಪ್ರೋಟೀನು ಫಿಲಗ್ರಿನ್. ಫಿಲಗ್ರಿನ್ ಜೀನ್ ಕೆಟ್ಟವರಿಗೆ ಇಸುಬು ಬರುವ ಸಾಧ್ಯತೆ ಬಹಳ ಹೆಚ್ಚೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಅರ್ವಿನ್ ಮೆಕ್ಲೀನ್ ಅವರ ತಂಡ ತೋರಿಸಿತು. ಅಲ್ಲಿಯವರೆಗೆ ಇಸುಬನ್ನು ರೋಗನಿರೋಧಕ ವ್ಯವಸ್ಥೆಯ ದೋಷವೆಂದೇ ಹೆಚ್ಚಾಗಿ ನೋಡುತ್ತಿದ್ದರು. ಮೊದಲು ಬಿರುಕು ಬಿಡುವುದು ಚರ್ಮದ ತಡೆ, ವ್ಯವಸ್ಥೆ ಕೆರಳುವುದು ಆಮೇಲೆ ಎಂಬುದು ಹಲವರ ಮಟ್ಟಿಗೆ ಆಗ ಸ್ಪಷ್ಟವಾಯಿತು.

ಲಂಡನ್ನಿನ ಮಕ್ಕಳ ವೈದ್ಯ ಗಿಡಿಯನ್ ಲ್ಯಾಕ್ 2003ರಲ್ಲೇ ಒಂದು ಸುಳಿವು ಹಿಡಿದಿದ್ದರು. ಶೇಂಗಾ ಅಲರ್ಜಿ ಬಂದ ಮಕ್ಕಳಿಗೆ ಹಸುಳೆಯಾಗಿದ್ದಾಗ ಶೇಂಗಾ ಎಣ್ಣೆ ಬೆರೆತ ಮುಲಾಮನ್ನು ಕೆಂಪೆದ್ದ ಚರ್ಮಕ್ಕೆ ಹಚ್ಚಿದ್ದು ಹೆಚ್ಚಾಗಿ ಕಂಡುಬಂದಿತ್ತು. ಆಮೇಲೆ 2008ರಲ್ಲಿ ಅವರು ಮತ್ತು ಸಂಗಡಿಗರು ಬ್ರಿಟನ್ ಮತ್ತು ಇಸ್ರೇಲಿನ ಯಹೂದಿ ಮಕ್ಕಳನ್ನು ಹೋಲಿಸಿದರು. ಬ್ರಿಟನ್ನಿನಲ್ಲಿ ಮಕ್ಕಳಿಗೆ ಶೇಂಗಾ ಕೊಡದೆ ಕಾಯುತ್ತಿದ್ದರು, ಇಸ್ರೇಲಿನಲ್ಲಿ ಹಲ್ಲು ಬರುವ ಹೊತ್ತಿಗೇ ಶೇಂಗಾ ತಿನಿಸು ಕೊಡುತ್ತಿದ್ದರು. ಶೇಂಗಾ ಅಲರ್ಜಿ ಬ್ರಿಟನ್ನಿನಲ್ಲಿ ಶೇಕಡಾ 1.85, ಇಸ್ರೇಲಿನಲ್ಲಿ ಶೇಕಡಾ 0.17.

ಇದನ್ನು ಖಚಿತಪಡಿಸಲು ನಡೆದ ‘ಲೀಪ್’ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಹಸುಳೆಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶೇಂಗಾ ತಿನ್ನಿಸಿದರು, ಇನ್ನೊಂದಕ್ಕೆ ಪೂರ್ತಿ ನಿಲ್ಲಿಸಿದರು. ಐದು ವರ್ಷ ತುಂಬುವಾಗ ನಿಲ್ಲಿಸಿದವರಲ್ಲಿ ಶೇಕಡಾ 17.2 ಮಕ್ಕಳಿಗೆ ಶೇಂಗಾ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇಕಡಾ 3.2ಕ್ಕೆ ಮಾತ್ರ. ಬಾಯಿಯ ಮೂಲಕ ಬಂದ ಪ್ರೋಟೀನನ್ನು ಕರುಳು ತನ್ನದೆಂದು ಒಪ್ಪಿಕೊಳ್ಳುತ್ತದೆ. ಅದೇ ಪ್ರೋಟೀನು ಮೊದಲು ಬಿರುಕುಬಿಟ್ಟ ಚರ್ಮದಿಂದ ನುಗ್ಗಿದರೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ವಿಜ್ಞಾನಿಗಳು ಇಂದು ಈ ವಿವರಣೆಗೆ ಹೆಚ್ಚು ಬೆಲೆ ಕೊಡುತ್ತಿದ್ದಾರೆ.

ಹಾಗಾದರೆ ಎಲ್ಲ ಮಕ್ಕಳಿಗೂ ಹುಟ್ಟಿದಂದಿನಿಂದ ಮುಲಾಮು ಹಚ್ಚಿದರೆ ಇಸುಬನ್ನೇ ತಡೆಯಬಹುದಲ್ಲವೇ? 2020ರಲ್ಲಿ ಬ್ರಿಟನ್ ಮತ್ತು ಉತ್ತರ ಯುರೋಪಿನ ಎರಡು ದೊಡ್ಡ ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು. ಇಸುಬು ಕಡಿಮೆಯಾಗಲಿಲ್ಲ. ಇಸುಬು ಬಂದ ಮೇಲೆ ಚರ್ಮಕ್ಕೆ ತೇವ ಕೊಡುವ ಚಿಕಿತ್ಸೆ ಅಗತ್ಯ, ಅದರಲ್ಲಿ ಅನುಮಾನವಿಲ್ಲ. ಬರುವ ಮೊದಲೇ ಎಲ್ಲರಿಗೂ ಹಚ್ಚುವುದರಿಂದ ಮಾತ್ರ ಲಾಭ ಕಾಣಲಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಮೊದಲು ಗಡಿಯಾರ ನೋಡಿ. ಆಹಾರದ ಅಲರ್ಜಿ ಸಾಮಾನ್ಯವಾಗಿ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ, ಅದೇ ಆಹಾರ ತಿಂದಾಗಲೆಲ್ಲ ಬರುತ್ತದೆ. ಮೊನ್ನೆ ತಿಂದದ್ದಕ್ಕೆ ಇಂದು ಕತ್ತು ಒಡೆದರೆ ಅನುಮಾನ ಬೇರೆ ಕಡೆ ಹೋಗಬೇಕು. ಹೊಲಕ್ಕೆ, ಖಾಲಿ ಸೈಟಿಗೆ, ಹೊಸ ಚಪ್ಪಲಿಗೆ, ಹಣೆಗೆ ಹಚ್ಚಿಕೊಂಡ ಬಿಂದಿಯ ಅಂಟಿಗೆ, ಕಿವಿಯ ನಿಕ್ಕಲ್ ಓಲೆಗೆ ಹೋಗಬೇಕು. ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ತಿನ್ನಿಸಿ ನೋಡುವ ಪರೀಕ್ಷೆಯೇ ಕೊನೆಯ ತೀರ್ಪು. ಅದನ್ನು ಮನೆಯಲ್ಲಿ ಮಾಡಬಾರದು.

ತಿಂದ ಕೂಡಲೇ ಗಾದರಿಯ ಜೊತೆ ಉಸಿರು ಕಟ್ಟಿದರೆ, ದನಿ ಗೊಗ್ಗರಾದರೆ, ಮತ್ತೆಮತ್ತೆ ವಾಂತಿಯಾದರೆ, ತಲೆ ಸುತ್ತಿ ಬಿದ್ದರೆ ಅದು ತುರ್ತು. ಜೀವ ಉಳಿಸುವ ಮದ್ದು ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ ಅದನ್ನು ತಕ್ಷಣ ಚುಚ್ಚಬೇಕು. ಅಲರ್ಜಿ ಗುಳಿಗೆ ನುಂಗಿಸಿ ಕಾಯುತ್ತ ಕೂರಬಾರದು.

ಹಸುಳೆಗೆ ಆರು ತಿಂಗಳು ತಾಯಿಹಾಲು. ಆಮೇಲೆ ಬೇಳೆ, ಮೊಟ್ಟೆ, ನುಣ್ಣಗೆ ಪುಡಿ ಮಾಡಿ ಗಂಜಿಯಲ್ಲಿ ಕಲೆಸಿದ ಶೇಂಗಾ ಕೊಡಲು ಹೆದರಬೇಕಿಲ್ಲ. ಇಡೀ ಶೇಂಗಾ ಕಾಳು ಗಂಟಲಿಗೆ ಸಿಕ್ಕುವುದರಿಂದ ಚಿಕ್ಕ ಮಕ್ಕಳಿಗೆ ಬೇಡ. ತೀವ್ರ ಇಸುಬಿರುವ ಮಗುವಿಗೆ ಶುರುಮಾಡುವ ಮುನ್ನ ವೈದ್ಯರನ್ನು ಕೇಳಬೇಕು. ಒಡೆದ, ಕೆಂಪೆದ್ದ ಚರ್ಮಕ್ಕೆ ಗಾಣದ ಶೇಂಗಾ ಎಣ್ಣೆಯಾಗಲಿ ಕಡಲೆ ಹಿಟ್ಟಾಗಲಿ ತಿಕ್ಕಬಾರದು.

ಇಲ್ಲಿ ಕೇಳಬೇಕಾದ ಪ್ರಶ್ನೆ

ಕಡಲೆ ಹಿಟ್ಟಿನ ವಿಚಾರವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಕಡಲೆ ತಿಂದು ತೀವ್ರ ಅಲರ್ಜಿಯಾದ ರೋಗಿಗಳ ವರದಿ 1997ರಲ್ಲೇ ಮುಂಬೈಯಿಂದ ಪ್ರಕಟವಾಗಿದೆ. ಪಾಶ್ಚಾತ್ಯ ದೇಶಗಳಲ್ಲಿ ಶೇಂಗಾ ಹೇಗೋ ನಮ್ಮಲ್ಲಿ ಕಡಲೆ ಗಮನಿಸಬೇಕಾದ ಕಾಳು. ಅದೇ ಕಡಲೆಯ ಹಿಟ್ಟನ್ನು ನಾವು ಕೂಸುಗಳ ಮೈಗೆ ತಿಕ್ಕಿ ಎರೆಯುತ್ತೇವೆ. ಬಾಯಿಗೆ ಹೋಗುವ ಮೊದಲೇ ಚರ್ಮಕ್ಕೆ ಪರಿಚಯವಾಗುವ ಪ್ರೋಟೀನು ಅದು. ಹೀಗೆ ಎರೆಸಿಕೊಂಡ, ಇಸುಬಿರುವ ಮಕ್ಕಳಲ್ಲಿ ಕಡಲೆಗೆ ಐಜಿಇ ಹೆಚ್ಚಿದೆಯೇ ಎಂದು ನೋಡಲು ದೊಡ್ಡ ಯಂತ್ರಗಳು ಬೇಡ. ಬಾಣಂತಿಯರ ಜೊತೆ ಮಾತು, ಸೂಜಿ ಪರೀಕ್ಷೆ, ಐದು ವರ್ಷಗಳ ತಾಳ್ಮೆ ಸಾಕು.

ಈ ಕೆಲಸಕ್ಕೆ ಹುಬ್ಬಳ್ಳಿ-ಧಾರವಾಡಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು. 1957ರಲ್ಲಿ ಆರಂಭವಾಗಿ, ಜನರ ಬಾಯಲ್ಲಿ ಕಿಮ್ಸ್ ಆಗಿ ಉಳಿದಿರುವ ಸರ್ಕಾರಿ ವೈದ್ಯಕೀಯ ಕಾಲೇಜು ವಿದ್ಯಾನಗರದಲ್ಲಿದೆ. ಸುತ್ತಲಿನ ಜಿಲ್ಲೆಗಳ ರೋಗಿಗಳೆಲ್ಲ ಅಲ್ಲಿಗೇ ಬರುತ್ತಾರೆ. ಬೆಳೆ ಮತ್ತು ಕಸ ಎರಡನ್ನೂ ಬಲ್ಲ ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಬೆಂಗಳೂರು, ಮೈಸೂರಿನ ಅಂಕಿಗಳು ಅನ್ನ, ರಾಗಿ ಉಣ್ಣುವ ಸೀಮೆಯವು. ಜೋಳದ ರೊಟ್ಟಿ, ಶೇಂಗಾ, ಕಡಲೆ, ಬದನೆ ಉಣ್ಣುವ, ಕಾಂಗ್ರೆಸ್ ಕಸದ ಗಾಳಿ ಕುಡಿಯುವ ಸೀಮೆಗೆ ಅದರದೇ ಲೆಕ್ಕ ಬೇಕು. ಆ ಲೆಕ್ಕ ಕೈಗೆ ಬಂದರೆ ಗೋಪನಕೊಪ್ಪದ ತಾಯಿಯೊಬ್ಬಳು ಮಗುವಿನ ತಟ್ಟೆಯಿಂದ ಏನನ್ನು ತೆಗೆಯಬೇಕು, ಏನನ್ನು ತೆಗೆಯಬಾರದು ಎಂಬುದನ್ನು ಊಹೆಯಿಂದಲ್ಲ, ತಿಳಿವಿನಿಂದ ತೀರ್ಮಾನಿಸಬಲ್ಲಳು. ವೈದ್ಯಕೀಯ ಸಂಶೋಧನೆ ಅವಳಿಗೆ ಇಷ್ಟನ್ನಾದರೂ ಒದಗಿಸಬೇಕು.